ಊರು ಬಿಟ್ಟೋರಿಗೆ ಊರು ಬಿಟ್ಟೋರ ನೋವು ಗೊತ್ತಿರಬೇಕು

ಮೊನ್ನೆ ಕಿಬ್ಬನಹಳ್ಳಿ ಕ್ರಾಸಲ್ಲಿ ಟೀ ಕುಡೀತಾ, ಸಲಿಂಗಿ ಅನ್ನೋ ಕಾರಣಕ್ಕೆ ಜೀವಭಯದಿಂದ ದೇಶ ಬಿಟ್ಟು ಬಂದೋರಿಗೂ ಸರ್ಕಾರ ಆಶ್ರಯ ಕೊಡಬೇಕು ಅಂದೆ. ನಮ್ಮ ಸಂಘಟನೆಯ ಗೆಳೆಯರೊಬ್ಬರು ಸಿಟ್ಟಾದರು. "ನಮ್ಮೋರಿಗೇ ಸ್ಮಶಾನಕ್ಕೆ ಜಾಗ ಇಲ್ಲ, ನಿಂಗ್ಯಾಕಪ್ಪ ಇವೆಲ್ಲ?" ಅಂದರು. ಅಲ್ಲಿ ಸುಮ್ಮನಾದೆ. ಉತ್ತರ ಇಲ್ಲಿ ಬರೀತಿದೀನಿ.

ಅಣ್ಣ, ಬಾಬಾಸಾಹೇಬರಿಂದಲೇ ಶುರು ಮಾಡೋಣ. 1934ರಲ್ಲಿ 'ಸಮಾಜ ಸ್ವಾಸ್ಥ್ಯ' ಪತ್ರಿಕೆಯ ರ.ಧೋಂ. ಕರ್ವೆ ಮೇಲೆ ಬೊಂಬಾಯಲ್ಲಿ ಅಶ್ಲೀಲತೆ ಕೇಸು ನಡೀತು. ಸಲಿಂಗಕಾಮವೂ ಸೇರಿ ಓದುಗರು ಕೇಳಿದ ಲೈಂಗಿಕ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದೇ ತಪ್ಪಂತೆ. ಕರ್ವೆ ಪರ ವಕೀಲರಾಗಿ ನಿಂತಿದ್ದು ಅಂಬೇಡ್ಕರ್. ಕೇಸು ಸೋತರು. ಆದ್ರೆ "ನಂಗ್ಯಾಕೆ" ಅನ್ನಲಿಲ್ಲ.

ಬ್ರಿಟಿಷರು ತಂದ ಸೆಕ್ಷನ್ 377 ನಮ್ಮಲ್ಲಿ ಪರಸ್ಪರ ಒಪ್ಪಿದ ವಯಸ್ಕರ ಮಟ್ಟಿಗೆ 2018ರ ಸೆಪ್ಟೆಂಬರ್ 6ಕ್ಕೆ ಹೋಯ್ತು. ಪಕ್ಕದ ಬಾಂಗ್ಲಾದಲ್ಲಿ ಅದೇ ನಂಬರಿನ ಸೆಕ್ಷನ್ ಇನ್ನೂ ಇದೆ. ಅಲ್ಲಿ 'ರೂಪ್‌ಬಾನ್' ಅನ್ನೋ ಸಲಿಂಗಿಗಳ ಪತ್ರಿಕೆ ನಡೆಸ್ತಿದ್ದ ಜುಲ್ಹಾಜ್ ಮನ್ನಾನ್‌ರನ್ನ 2016ರಲ್ಲಿ ಢಾಕಾದ ಅವರ ಮನೆಯೊಳಗೇ ಕೊಚ್ಚಿ ಕೊಂದರು. ಅಂಥ ಇನ್ನೊಬ್ಬ ಜೀವ ಹಿಡ್ಕೊಂಡು ಗಡಿ ದಾಟಿ ಬಂದರೆ? 2019ರ ಸಿಎಎ ಮೊದಲು ಕೇಳೋದು ಧರ್ಮ. ಮುಸ್ಲಿಮನಾದ್ರೆ ಪಟ್ಟೀಲೇ ಇಲ್ಲ. ಪಟ್ಟೀಲಿರೋ ಧರ್ಮದವನಾದ್ರೂ 2014ರ ಡಿಸೆಂಬರ್ 31 ದಾಟಿ ಬಂದಿದ್ರೆ ಪೌರತ್ವ ಇಲ್ಲ. ಪ್ರೀತಿಸಿದ್ದಕ್ಕೆ ಕೊಲ್ತಾರೆ ಅಂತ ಬರೆಯೋಕೆ ಅಲ್ಲಿ ಕಾಲಂ ಇಲ್ಲ.

1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಮ್ಮದೇ ನಿರಾಶ್ರಿತರ ಕಾಯ್ದೆಯೂ ಇಲ್ಲ. ಡೆಲ್ಲಿಯ ವಿಶ್ವಸಂಸ್ಥೆ ಕಚೇರಿ ಒಂದು ಕಾರ್ಡು ಕೊಡುತ್ತೆ. ಹಿಂದೆ ಕಾಯ್ದೆ ಇಲ್ಲದ ಕಾಗದಕ್ಕೆ ಎಷ್ಟು ಬೆಲೆ ಅಂತ ಗುಮಾಸ್ತನಾದ ನಂಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜಾಗದ ಮಾತಾ? 1960ರ ಹೊತ್ತಿಗೆ ಟಿಬೆಟಿನಿಂದ ಬಂದೋರಿಗೆ ಇದೇ ರಾಜ್ಯ ಬೈಲಕುಪ್ಪೆಯಲ್ಲಿ ಭೂಮಿ ಕೊಡ್ತು. ನಮ್ಮ ಸ್ಮಶಾನದ ಜಾಗ ನುಂಗಿದ್ದು ನಿರಾಶ್ರಿತರಲ್ಲ ಅಣ್ಣ, ಯಾರು ಅಂತ ನಿಮಗೂ ಗೊತ್ತು.

ಮೇಲ್ಜಾತಿ ಹುಡುಗೀನ ಪ್ರೀತಿಸಿ ರಾತ್ರೋರಾತ್ರಿ ಊರು ಬಿಟ್ಟ ನಮ್ಮ ಹುಡುಗರು ಕಮ್ಮೀನಾ? "ಮಾನ ಹೋಯ್ತು" ಅಂತ ಮಚ್ಚು ಹಿಡಿದು ಬರೋರು ಢಾಕಾದಲ್ಲೂ ಇಲ್ಲೂ ಒಂದೇ ಜಾತಿ. ಓಡಿಹೋದೋರಿಗೆ ಬಾಗಿಲು ತೆಗೆಯೋರು ಬೇಕು ಅನ್ನೋದು ನಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

ಸಂವಿಧಾನದ 21ನೇ ವಿಧಿ ಜೀವದ ಹಕ್ಕನ್ನ ಬರೀ ನಾಗರಿಕನಿಗೆ ಕೊಟ್ಟಿಲ್ಲ, 'ವ್ಯಕ್ತಿ'ಗೆ ಕೊಟ್ಟಿದೆ. ಅದಕ್ಕೆ ತಕ್ಕ ನಿರಾಶ್ರಿತರ ಕಾಯ್ದೆ ಬರಲಿ. ಅದು ಧರ್ಮ ಕೇಳದಿರಲಿ. ಲೈಂಗಿಕತೆಯ ಕಾರಣಕ್ಕೆ ಜೀವಭಯ ಇರೋರ ಹೆಸರು ಅದರಲ್ಲಿ ಸ್ಪಷ್ಟವಾಗಿ ಇರಲಿ. ಸ್ಮಶಾನದ ಹೋರಾಟಕ್ಕೂ ನಾನಿದೀನಿ, ಇದಕ್ಕೂ ಇದೀನಿ. ನೀವೂ ಬನ್ನಿ.

ಜೈ ಭೀಮ್.