ಗದರುವ ಮೊದಲು ಮಗುವಿನ ಕಿವಿ ಪರೀಕ್ಷಿಸಿ

ಸೀನ್, ಶೀನ್, ಸ್ವಾದ್. ಮದ್ರಸದ ಒಂದನೇ ಕ್ಲಾಸಿನಲ್ಲಿ ಈ ಅಕ್ಷರಗಳ ಹತ್ತಿರ ಬಂದು ತಡವರಿಸುವ ಮಕ್ಕಳು ಪ್ರತಿ ವರ್ಷ ಇದ್ದೇ ಇರುತ್ತಾರೆ. "ಗಮನ ಇಲ್ಲ" ಎಂದು ಉಸ್ತಾದರು ಗದರುತ್ತಾರೆ, "ಹಠ ಜಾಸ್ತಿ" ಎಂದು ಮನೆಯವರು. ಆದರೆ ಇವರಲ್ಲಿ ಕೆಲವರ ತೊಂದರೆ ನಾಲಗೆಯದ್ದಲ್ಲ, ಕಿವಿಯದ್ದು.

ಮೂಗಿನ ಹಿಂಭಾಗದಿಂದ ಕಿವಿಗೆ ಒಂದು ಸಣ್ಣ ನಾಳ ಇದೆ. ಮಕ್ಕಳಲ್ಲಿ ಅದು ಗಿಡ್ಡ, ಅಡ್ಡವಾಗಿಯೂ ಇರುವುದರಿಂದ ಶೀತ ಬಂದಾಗ ಬೇಗ ಕಟ್ಟಿಕೊಳ್ಳುತ್ತದೆ. ಆಗ ಕಿವಿತಮಟೆಯ ಹಿಂದೆ, ನಡುಗಿವಿಯಲ್ಲಿ ನೀರು ನಿಲ್ಲುತ್ತದೆ. ಹೆಚ್ಚಾಗಿ ನೋವೂ ಇಲ್ಲ, ಜ್ವರವೂ ಇಲ್ಲ. ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಮಗುವಿಗೆ ಮಾತ್ರ ಕಿವಿಗೆ ಬೆರಳಿಟ್ಟುಕೊಂಡ ಹಾಗೆ ಎಲ್ಲವೂ ಮಂದ. ಒಂದು ದಿನ ಕೇಳಿಸುತ್ತದೆ, ಇನ್ನೊಂದು ದಿನ ಇಲ್ಲ. ನಾವು ಅದನ್ನು ನಾಟಕ ಎನ್ನುತ್ತೇವೆ. ಸರಿಯಾಗಿ ಕೇಳಿಸದ ಅಕ್ಷರವನ್ನು ಮಗು ಸರಿಯಾಗಿ ಹೇಳುವುದಾದರೂ ಹೇಗೆ?

ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ. ಭಾಷೆ ಜಾಸ್ತಿಯಾಗಿ ಮಾತು ತಡವಾಯಿತು ಎನ್ನುವವರಿದ್ದಾರೆ. ಇದು ಸರಿಯಲ್ಲ. ಹಲವು ಭಾಷೆ ಕೇಳುವುದರಿಂದ ಮಾತು ನಿಲ್ಲುವುದಿಲ್ಲ.

ಟಿವಿ ಸೌಂಡ್ ಜಾಸ್ತಿ ಮಾಡುವುದು, ಹಿಂದಿನಿಂದ ಕರೆದರೆ ತಿರುಗದಿರುವುದು, ಪದೇ ಪದೇ "ಏನು?" ಎನ್ನುವುದು ಕಂಡರೆ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ. ಎಷ್ಟೋ ಮಕ್ಕಳಲ್ಲಿ ಮೂರು ತಿಂಗಳೊಳಗೆ ಈ ನೀರು ತಾನಾಗಿಯೇ ಇಳಿಯುತ್ತದೆ. ಇಳಿಯದೆ ಕೇಳುವಿಕೆ ಕಡಿಮೆಯೇ ಉಳಿದರೆ ಸಣ್ಣ ಆಪರೇಷನ್‌ನಲ್ಲಿ ಪುಟ್ಟ ಕೊಳವೆ ಇಟ್ಟು ಸರಿಪಡಿಸುತ್ತಾರೆ. ಎಣ್ಣೆ ಬಿಸಿ ಮಾಡಿ ಹಾಕುವುದು ಬೇಡವೇ ಬೇಡ. ತಮಟೆಯ ಹಿಂದಿನ ನೀರಿಗೆ ಅದು ತಲುಪುವುದಿಲ್ಲ. ತಮಟೆ ತೂತಾಗಿದ್ದರೆ ಹಾನಿಯೇ. ಮನೆಯೊಳಗೆ ಬೀಡಿ-ಸಿಗರೇಟು ಸೇದಬೇಡಿ, ಮಲಗಿಸಿ ಬಾಟಲಿ ಹಾಲು ಕೊಡಬೇಡಿ. ಎರಡು ವರ್ಷ ಎದೆಹಾಲುಣಿಸುವ ವಿಷಯ ಕುರ್‌ಆನಿನಲ್ಲೇ ಇದೆ. ಎದೆಹಾಲು ಕಿವಿಗೂ ರಕ್ಷಣೆ.

ದುಡ್ಡಿಲ್ಲ ಎಂದು ಸುಮ್ಮನಾಗಬೇಕಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರಕಾರಿ ಶಾಲೆಯ ಮಕ್ಕಳ ಕಿವಿಯನ್ನೂ ಉಚಿತವಾಗಿ ನೋಡುತ್ತಾರೆ. ಮಂಗಳೂರಿನಲ್ಲಿ ವೆನ್ಲಾಕ್ ಆಸ್ಪತ್ರೆ ಇದೆ. ಮಾತಿನ ತರಬೇತಿಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಜಮಾಅತ್ ಕಮಿಟಿಗಳಿಗೆ ಒಂದು ವಿನಂತಿ. ಶವ್ವಾಲಿನಲ್ಲಿ ಮದ್ರಸ ಶುರುವಾಗುವಾಗ ಹೊಸ ಮಕ್ಕಳಿಗೆ ಒಂದು ದಿನದ ಕಿವಿ ತಪಾಸಣೆ ಇಡಿ. ತಡವರಿಸುವ ಮಗುವನ್ನು ಉಸ್ತಾದರು ಮುಂದಿನ ಸಾಲಿನಲ್ಲಿ ಕೂರಿಸಿ, ಮುಖ ನೋಡಿ ಹೇಳಿಕೊಡಲಿ. ಮಖ್ರಜ್ ತಪ್ಪಿದರೆ ತಿದ್ದಬಹುದು. ಕೇಳಿಸದ ತಪ್ಪಿಗೆ ಬೈಸಿಕೊಂಡು ಓದನ್ನೇ ಬಿಟ್ಟ ಮಗುವನ್ನು ಮತ್ತೆ ತರುವುದು ಕಷ್ಟ.