ಸೀಟಿನಡಿಯ ಎಳ್ಳೆಣ್ಣೆ ಕ್ಯಾನು

ಮಧುರೆ ಶನಿಮಹಾತ್ಮ ದೇವಸ್ಥಾನದ ಹತ್ರ ಕಾರು ನಿಲ್ಲಿಸ್ತಿದ್ದೆ. ಪಕ್ಕದ ಸೀಟಿನಲ್ಲಿದ್ದ ಅಮ್ಮ ಕೇಳಿದ್ರು, "ಇದ್ಯಾರೋ ಇದು, ಹೊಟ್ಟೆ ಮುಂದೆ ಚೆಂಡು ಇಟ್ಕೊಂಡು ಕೂತಿರೋ ಕೆಂಪು ಮನುಷ್ಯ? ದಾರಿಯುದ್ದಕ್ಕೂ ಉರೀತಾನೇ ಇದ್ದಾನಲ್ಲ!"

ನಿಜ ಹೇಳ್ಬೇಕು ಅಂದ್ರೆ ಅವನು ಮೂರು ವಾರದಿಂದ ಉರೀತಾ ಇದ್ದ. ಕಾರು ಚೆನ್ನಾಗಿ ಓಡ್ತಿತ್ತು, ಮೈಲೇಜ್ ಸರಿ ಇತ್ತು, ಎಸಿ ತಣ್ಣಗಿತ್ತು. ಎಂಜಿನ್ ಲೈಟ್ ಬಂದಿದ್ರೆ ಅವತ್ತೇ ಗ್ಯಾರೇಜಿಗೆ ಓಡಿರ್ತಿದ್ದೆ. ಇದು ಏರ್‌ಬ್ಯಾಗ್ ಲೈಟು, ನೋಡ್ಕೊಂಡ್ರಾಯ್ತು ಅಂತ ಸುಮ್ನಿದ್ದೆ.

ಕೀ ಆನ್ ಮಾಡಿದಾಗ ಈ ಲೈಟು ಕೆಲವು ಸೆಕೆಂಡು ಹತ್ತಿ ಆರಬೇಕು. ಅಷ್ಟರಲ್ಲಿ ಸಿಸ್ಟಮ್ ತನ್ನ ವೈರು, ಸೆನ್ಸರುಗಳನ್ನೆಲ್ಲ ತಾನೇ ಪರೀಕ್ಷೆ ಮಾಡ್ಕೊಳ್ಳುತ್ತೆ. ಆರಲಿಲ್ಲ ಅಂದ್ರೆ ಎಲ್ಲೋ ತಪ್ಪು ಸಿಕ್ಕಿದೆ ಅಂತ ಅರ್ಥ. ಆಗ ಅಪಘಾತವಾದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತೆ ಅನ್ನೋ ಭರವಸೆ ಇಲ್ಲ. ಅಂಥ ಕಾರಿನ ಮುಂದಿನ ಸೀಟಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಬಂದಿದ್ದೆ.

ವೈಪರ್, ಏರ್ ಫಿಲ್ಟರ್, ಬ್ಯಾಟರಿ ಎಲ್ಲ ನಾನೇ ಬದಲಾಯಿಸಿಕೊಳ್ಳೋನು. ಅಲ್ಲೇ ಬಗ್ಗಿ ಅಮ್ಮನ ಸೀಟಿನಡಿ ಕೈ ಹಾಕಿದೆ. ಸಿಕ್ಕಿದ್ದು ಮೂರು ವಾರದ ಹಿಂದಿನ ಶನಿವಾರ ದೀಪಕ್ಕೆ ಅಂತ ತಂದು ಮರೆತಿದ್ದ ಎಳ್ಳೆಣ್ಣೆ ಕ್ಯಾನು! ಉರುಳಿ ಹೋಗಿ ಸೀಟಿನ ಕೆಳಗಿನ ಹಳದಿ ಕನೆಕ್ಟರಿಗೆ ಒತ್ತಿ ಕೂತಿತ್ತು. ನಮ್ಮದು ಸೀಟಿನ ಪಕ್ಕದಲ್ಲೂ ಏರ್‌ಬ್ಯಾಗ್ ಇರುವ ಕಾರು, ಅದಕ್ಕೆ ಹೋಗೋ ವೈರು ಅದು. ಕ್ಯಾನು ತೆಗೆದವನೇ ಕನೆಕ್ಟರನ್ನೂ ಹಿಡಿದು ಎಳೆದೆ.

"ಸಾರ್, ಮೊದ್ಲು ಕೀ ಆಫ್ ಮಾಡಿ!"

ಪಕ್ಕದಲ್ಲಿ ಗಾಡಿ ಪೂಜೆಗೆ ಬಂದಿದ್ದ ಮೆಕ್ಯಾನಿಕ್ ಒಬ್ಬರು ಕೂಗಿದ್ರು. ಏರ್‌ಬ್ಯಾಗಿನ ವೈರು, ಕನೆಕ್ಟರುಗಳಿಗೆ ಹಳದಿ ಬಣ್ಣ ಕೊಡೋದೇ ಮುಟ್ಟೋಕೆ ಮುಂಚೆ ಯೋಚಿಸಲಿ ಅಂತ. ಒಂದು ಪುಟ್ಟ ಕರೆಂಟ್ ಸಾಕು, ಒಳಗಿನ ಮದ್ದು ಹತ್ತಿಕೊಂಡು ಕಣ್ಣು ಮಿಟುಕಿಸೋದರೊಳಗೆ ಚೀಲ ಉಬ್ಬುತ್ತೆ. ಅದರ ಮೇಲೇ ನನ್ನ ಮುಖ ಇತ್ತು.

ಕೀ ತೆಗೆಸಿ, ಹತ್ತರ ಸ್ಪ್ಯಾನರಿನಲ್ಲಿ ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿದ್ರು. ತಕ್ಷಣ ಕೈ ಹಾಕೋ ಹಾಗಿಲ್ಲ. ಅಪಘಾತದಲ್ಲಿ ಬ್ಯಾಟರಿ ಕಿತ್ತುಹೋದರೂ ಚೀಲ ಬಿಚ್ಚಲಿ ಅಂತ ಮಾಡ್ಯೂಲಿನೊಳಗೆ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತೆ. ಎಷ್ಟು ಕಾಯಬೇಕು ಅನ್ನೋದು ಕಾರಿನಿಂದ ಕಾರಿಗೆ ಬೇರೆ, ಮ್ಯಾನುಯಲ್ ನೋಡಬೇಕು. ನಾವು ಹತ್ತು ನಿಮಿಷ ಕಾದ್ವಿ. ಮಲ್ಟಿಮೀಟರ್ ಇದೆ, ವೈರು ಚೆಕ್ ಮಾಡ್ಲಾ ಅಂದೆ. ಅವರು ನೋಡಿದ ನೋಟಕ್ಕೆ ಸುಮ್ಮನಾದೆ. ಮೀಟರಿನ ಕರೆಂಟೇ ಸಾಕಾಗಬಹುದಂತೆ.

ಆಮೇಲೆ ಕನೆಕ್ಟರನ್ನು ಟಕ್ ಅಂತ ಲಾಕ್ ಆಗೋವರೆಗೆ ಒತ್ತಿ, ಬ್ಯಾಟರಿ ಸೇರಿಸಿದ್ವಿ. ಲೈಟು ಹತ್ತಿತು, ಆರಿತು! (ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಹಾಕಿ ಅಳಿಸೋವರೆಗೂ ಆರಲ್ಲ.) ಅಮ್ಮ ಅಲ್ಲಿಂದಲೇ ಸ್ವಾಮಿಗೆ ಕೈ ಮುಗಿದ್ರು.

ದೊಡ್ಡಬಳ್ಳಾಪುರ ರಸ್ತೆಯಲ್ಲಿ ಒಂದು ಹಂಪ್ ದಾಟಿದ್ದೇ ಕೆಂಪು ಮನುಷ್ಯ ಮತ್ತೆ ಹಾಜರ್. ಈ ಸಲ ಅಮ್ಮ ಮಾತಾಡಲಿಲ್ಲ. ಕಾರು ನಿಲ್ಲಿಸು ಅಂದು ಇಳಿದು, ಹಿಂದಿನ ಸೀಟಿಗೆ ಹೋಗಿ ಬೆಲ್ಟ್ ಹಾಕ್ಕೊಂಡ್ರು.

ಸೋಮವಾರ ಸರ್ವೀಸ್ ಸೆಂಟರ್. ಆನ್‌ಲೈನಿನಲ್ಲಿ ತರಿಸಿದ್ದ ನನ್ನ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಎಂಜಿನ್ ಕೋಡ್ ಬಿಟ್ಟು ಬೇರೇನೂ ಓದ್ತಿರಲಿಲ್ಲ. ಏರ್‌ಬ್ಯಾಗ್ ಕೋಡ್ ಓದೋಕೆ ಅವರ ಸ್ಕ್ಯಾನರೇ ಬೇಕಾಯ್ತು. ಎಡಗಡೆ ಸೀಟಿನ ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ರೆಸಿಸ್ಟೆನ್ಸ್ ಜಾಸ್ತಿ ಅಂತ ತೋರಿಸ್ತು. ಬಿಚ್ಚಿ ನೋಡಿದ್ರೆ ಕನೆಕ್ಟರಿನ ಒಂದು ಪಿನ್ ಸೊಟ್ಟಗಾಗಿತ್ತು. ಕ್ಯಾನು ಮಾಡಿದ್ದೋ ನಾನು ಎಳೆದಿದ್ದೋ, ನನಗೆ ನನ್ನ ಮೇಲೇ ಅನುಮಾನ. ಕನೆಕ್ಟರ್ ಬದಲಾಯಿಸಿ ಆಮೇಲೆ ಕೋಡ್ ಅಳಿಸಿದ್ರು. ಬರೀ ಕೋಡ್ ಅಳಿಸಿದ್ರೆ ಲೈಟು ತಿರುಗಿ ಬರುತ್ತೆ, ತಪ್ಪು ಅಲ್ಲೇ ಇರುತ್ತೆ.

ಹಾಗಾದ್ರೆ ಮನೇಲಿ ನಾವು ಏನು ನೋಡಬಹುದು? ಸೀಟಿನ ಕೆಳಗೆ ಟಾರ್ಚ್ ಬಿಟ್ಟು ಕಣ್ಣಲ್ಲಿ ನೋಡಿ, ಕೈಯಲ್ಲಿ ಬೇಡ. ಅಲ್ಲಿರೋ ನೀರಿನ ಬಾಟಲಿ, ಕೊಡೆ, ಚಪ್ಪಲಿ ಹೊರಗೆ ತೆಗೀರಿ. ಬ್ಯಾಟರಿ ವೀಕ್ ಆಗಿದ್ರೂ ಈ ಲೈಟು ಬರಬಹುದು. ಹಾರ್ನ್ ಒತ್ತಿ ನೋಡಿ. ಹಾರ್ನೂ ಇಲ್ಲ, ಸ್ಟೇರಿಂಗಿನ ಬಟನ್‌ಗಳೂ ಕೆಲಸ ಮಾಡ್ತಿಲ್ಲ ಅಂದ್ರೆ ಅನುಮಾನ ಸ್ಟೇರಿಂಗಿನೊಳಗಿನ ಕ್ಲಾಕ್ ಸ್ಪ್ರಿಂಗ್ ಮೇಲೆ. ಯೂಟ್ಯೂಬಿನಲ್ಲಿ ಯಾರೋ ಬಿಚ್ತಾರೆ ಅಂತ ನೀವು ಬಿಚ್ಚೋಕೆ ಹೋಗ್ಬೇಡಿ.

ಸೆಕೆಂಡ್ ಹ್ಯಾಂಡ್ ಕಾರು ಹುಡುಕ್ತಿರೋರಿಗೆ ಇನ್ನೊಂದು ಮಾತು. ನಮ್ಮಲ್ಲಿ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಗಿದ್ದು 2019ರ ಜುಲೈ 1ರಿಂದ, ಪಕ್ಕದ ಸೀಟಿಗೆ ಆದದ್ದು ಇನ್ನೂ ಆಮೇಲೆ. ಅದಕ್ಕಿಂತ ಹಳೇ ಕಾರಾದ್ರೆ ಏರ್‌ಬ್ಯಾಗ್ ಇದೆಯಾ ಅಂತಲೇ ಮೊದ್ಲು ಕೇಳಿ. ಇದೆ ಅಂದ್ರೆ ಕೀ ಆನ್ ಮಾಡಿ ನೋಡಿ, ಲೈಟು ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದ್ರೆ ಖುಷಿಪಡಬೇಡಿ. ಅಪಘಾತದಲ್ಲಿ ಬಿಚ್ಚಿದ ಏರ್‌ಬ್ಯಾಗ್ ಬದಲಾಯಿಸದೆ, ಬಲ್ಬು ಕಿತ್ತು ಮಾರೋರೂ ಇದ್ದಾರೆ.

ಎಣ್ಣೆ ಕ್ಯಾನು ಈಗ ಡಿಕ್ಕಿಯಲ್ಲಿ, ತೆಂಗಿನಕಾಯಿ ಚೀಲದೊಳಗೆ. ಅಮ್ಮ ಮತ್ತೆ ಮುಂದಿನ ಸೀಟಿಗೆ ಬಂದಿದ್ದಾರೆ. ಆದ್ರೆ ನಾನು ಕೀ ತಿರುಗಿಸಿದ ಕೂಡಲೇ ಅವರ ಕಣ್ಣು ಡ್ಯಾಶ್‌ಬೋರ್ಡ್ ಮೇಲೆ. ಬೆರಳು ಮಡಚುತ್ತಾ ಎಣಿಸ್ತಾರೆ.

"ಹೋದ ನೋಡು. ಈಗ ಹೊರಡು."