ಕಲ್ಯಾಣಮಂಟಪದಲ್ಲಿ ಬ್ಯಾಡ್ಮಿಂಟನ್

ಸುರಪುರದ ಗೃಹಸ್ಥರೊಬ್ಬರು ನಮಗೆ ಪತ್ರ ಬರೆದು, ತಮ್ಮ ಹನ್ನೊಂದು ವರ್ಷದ ಮಗಳು ಬ್ಯಾಡ್ಮಿಂಟನ್ ಕಲಿಯುವೆನೆಂದು ಹಟ ಹಿಡಿದಿರುವಳೆಂದೂ, ಬೆಂಗಳೂರಿನ ಧನಿಕರ ಈ ಆಟ ನಮ್ಮಂಥ ಊರಿನ ಮಕ್ಕಳಿಗೆ ಸಾಧ್ಯವೇ, ಅದರಲ್ಲಿಯೂ ಹೆಣ್ಣುಮಗುವಿಗೆ ಒಪ್ಪುವದೇ ಎಂದೂ ಕೇಳಿರುವರು. ಯಾದಗಿರಿ, ಶಹಾಪುರಗಳ ಮನೆಗಳಲ್ಲಿಯೂ ಇದೇ ಚರ್ಚೆ ನಡೆಯುತ್ತಿರಬಹುದಾದುದರಿಂದ ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಿಟ್ಟಿರುವೆವು.

ನಮ್ಮ ಶಾಲೆಗಳ ಬಯಲಿನಲ್ಲಿ ಐವರೈವರು ಎದುರುಬದುರು ನಿಂತು ಹಳದಿ ಉಣ್ಣೆಯ ಚೆಂಡಿನಿಂದ ಆಡುವ ಬಾಲ್ ಬ್ಯಾಡ್ಮಿಂಟನ್ ಬೇರೆ. ಗರಿಯ ಷಟಲ್ಲಿನ ಆಟ ಬೇರೆ. ಉಣ್ಣೆಯ ಚೆಂಡು ೨೭ರಿಂದ ೩೦ ಗ್ರಾಂ ತೂಗುವದು. ಗಾಳಿಗೆ ಅಷ್ಟಾಗಿ ಅಂಜದು. ಹದಿನಾರು ಗರಿಗಳ ಷಟಲ್ಲಾದರೋ ೫ ಗ್ರಾಮಿನ ಆಸುಪಾಸು. ಬೆಟ್ಟದ ಕೆಳಗಿನ ನಮ್ಮ ಬಯಲುಗಳಲ್ಲಿ ಮುಂಗಾರಿನ ಗಾಳಿ ಬೀಸುವಾಗ ಅದನ್ನು ಹೊಡೆದರೆ, ಎದುರಾಳಿಯ ಕಡೆಗೆ ಹೋಗುವದೋ ಪಕ್ಕದ ಹೊಲಕ್ಕೆ ಹೋಗುವದೋ ಹೇಳಬಲ್ಲವರಿಲ್ಲ. ಈ ಆಟಕ್ಕೆ ಮೊದಲು ಬೇಕಾಗುವದು ಗಾಳಿ ನುಗ್ಗದ ಎತ್ತರದ ಸೂರು. ಅದರಡಿಯಲ್ಲಿ ೪೪ ಅಡಿ ಉದ್ದ, ೨೦ ಅಡಿ ಅಗಲದ ನೆಲ.

ಇಂಥ ಸೂರು ಪ್ರಕಾಶ ಪಡುಕೋಣೆಯವರಿಗೆ ಎಲ್ಲಿ ದೊರೆಯಿತೆಂಬುದನ್ನು ಪತ್ರ ಬರೆದ ಮಹಾಶಯರು ಲಕ್ಷ್ಯವಿಟ್ಟು ಓದಬೇಕು. ಅವರು ೧೯೫೫ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದವರು. ಹಾಗಿದ್ದೂ ಮಗನ ಪಾಲಿಗೆ ಕ್ರೀಡಾಂಗಣವೆಂಬುದು ಇರಲಿಲ್ಲ. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣವೇ ಅವರ ಅಂಕಣವಾಗಿತ್ತು. ಲಗ್ನವಿದ್ದ ದಿನ ಆಟವಿಲ್ಲ. ಲಗ್ನವಿಲ್ಲದ ದಿನ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಟ! ೧೯೬೨ರಲ್ಲಿ ರಾಜ್ಯದ ಕಿರಿಯರ ಪಂದ್ಯಾವಳಿಗೆ ಇಳಿದ ಬಾಲಕನು ಮೊದಲ ಸುತ್ತಿನಲ್ಲಿಯೇ ಸೋತನು. ‘ಇನ್ನು ಸಾಕು, ಪುಸ್ತಕ ಹಿಡಿ’ ಎನ್ನುವ ತಂದೆ ಆ ಮನೆಯಲ್ಲಿದ್ದಿದ್ದರೆ ನಮಗೆ ಇಂದು ಬರೆಯಲು ವಿಷಯವೇ ಇರುತ್ತಿರಲಿಲ್ಲ. ಎರಡು ವರ್ಷಗಳಲ್ಲಿ ಅದೇ ಪದವಿ ಅವನದಾಯಿತು. ೧೯೭೧ರಲ್ಲಿ ಕಿರಿಯರ ಹಾಗೂ ಹಿರಿಯರ ರಾಷ್ಟ್ರೀಯ ಪದವಿಗಳೆರಡೂ ದೊರೆತವು. ಹಿರಿಯರ ಪದವಿಯು ೧೯೭೯ರ ವರೆಗೆ ಅವರ ಕೈ ಬಿಡಲಿಲ್ಲ.

ಇನ್ನು ೧೯೮೦ರ ಮಾರ್ಚ್ ತಿಂಗಳ ಮಾತು. ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿಯ ಅಂತಿಮ ಪಂದ್ಯ. ಈ ಘಟ್ಟವನ್ನು ೧೯೪೭ರಲ್ಲಿ ಲಾಹೋರಿನ ಪ್ರಕಾಶನಾಥರು ಮುಟ್ಟಿ, ಸ್ವೀಡನ್ನಿನ ಕಾನಿ ಯೆಪ್ಸೆನ್ನರಿಗೆ ಸೋತಿದ್ದರು. ಮೂವತ್ತಮೂರು ವರ್ಷಗಳ ಬಳಿಕ ಅದೇ ಹೆಸರಿನ ಇನ್ನೊಬ್ಬರು ಅಲ್ಲಿ ನಿಂತುದು ಕಾಕತಾಳೀಯವೇ ಸರಿ. ಎದುರಿಗಿದ್ದವರು ಇಂಡೋನೇಷ್ಯದ ಲಿಯೆಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷಗಳ ವಿಜೇತರು, ನೆಲದಿಂದ ಚಿಮ್ಮಿ ಸಿಡಿಲಿನಂತೆ ಹೊಡೆಯುವದರಲ್ಲಿ ಹೆಸರಾದವರು. ಬಲಕ್ಕೆ ಬಲವನ್ನೊಡ್ಡುವದು ನಮ್ಮವರ ಮಾರ್ಗವಾಗಿರಲಿಲ್ಲ. ಮಣಿಕಟ್ಟಿನ ಸೂಕ್ಷ್ಮವಾದ ತಿರುವಿನಿಂದ ಷಟಲ್ಲನ್ನು ಒಮ್ಮೆ ಬಲೆಯ ಮಗ್ಗುಲಲ್ಲಿ ಮೆಲ್ಲಗೆ ಇಳಿಸುವದು, ಒಮ್ಮೆ ಹಿಂದಿನ ಗೆರೆಗೆ ಅಟ್ಟುವದು. ಹೊಡೆತ ಎತ್ತ ಹೋಗುವದೆಂದು ಕೊನೆಯ ಕ್ಷಣದ ವರೆಗೆ ಬಚ್ಚಿಡುವದು: ಇದು ಅವರ ವಿದ್ಯೆ. ೧೫-೩, ೧೫-೧೦ರಿಂದ ಪಂದ್ಯ ಮುಗಿಯಿತು. ಆ ಪದವಿಯನ್ನು ಪಡೆದ ಭಾರತೀಯರಲ್ಲಿ ಅವರೇ ಮೊದಲಿಗರು.

೧೯೮೩ರ ವಿಶ್ವ ಚಾಂಪಿಯನ್‌ಶಿಪ್ಪಿನ ಕಂಚಿನ ಪದಕ ಮೊದಲಾದುವನ್ನು ವಿಸ್ತರಿಸುವದಿಲ್ಲ. ಅವುಗಳಿಗಿಂತ ನಮಗೆ ಹೆಚ್ಚಾಗಿ ತೋರುವದು, ೧೯೯೪ರಲ್ಲಿ ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ತರಬೇತಿ ಸಂಸ್ಥೆ. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದರು ೨೦೦೧ರಲ್ಲಿ ಅದೇ ಆಲ್ ಇಂಗ್ಲೆಂಡ್ ಪದವಿಯನ್ನು ಗೆದ್ದರು. ಶಿಷ್ಯರನ್ನು ಬೆಳೆಸಿದವರ ವಿಷಯದಲ್ಲಿ ನಾವು ತುಸು ಪಕ್ಷಪಾತಿಗಳೆಂದು ವಾಚಕರು ಬಲ್ಲರು.

ಹೆಣ್ಣುಮಗುವಿಗೆ ಒಪ್ಪುವದೇ ಎಂದರೆ, ದಂಡಿಯ ‘ದಶಕುಮಾರಚರಿತ’ದಲ್ಲಿ ರಾಜಕುಮಾರಿ ಕಂದುಕಾವತಿಯು ನೆರೆದ ಜನರೆದುರಿನಲ್ಲಿಯೇ ಚೆಂಡಾಡಿ ದೇವಿಯನ್ನು ಆರಾಧಿಸುವಳು. ಅಷ್ಟು ಹಿಂದಕ್ಕೆ ಹೋಗಲೊಲ್ಲದವರು ಕೊಡವ ಮನೆತನದ ಅಶ್ವಿನಿ ಪೊನ್ನಪ್ಪನವರನ್ನು ನೋಡಲಿ. ಜ್ವಾಲಾ ಗುಟ್ಟಾರವರ ಜೊತೆಗೂಡಿ ೨೦೧೦ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಸುವರ್ಣಪದಕವನ್ನೂ, ೨೦೧೧ರ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಕಂಚನ್ನೂ ತಂದವರು.

ನಮ್ಮ ಮಕ್ಕಳೆಲ್ಲ ವೆಂಬ್ಲಿಗೆ ಹೋಗುವರೆಂದು ನಾವು ಹೇಳುತ್ತಿಲ್ಲ. ಸಂಜೆ ಒಂದು ತಾಸು ಬೆವರು ಹರಿಸಿ, ಸೋತು, ಗೆದ್ದು ಮನೆಗೆ ಬಂದರೆ ನಮಗೆ ಸಾಕು. ಅದಕ್ಕೆ ಬೇಕಾದ ಸೂರು ನಮ್ಮಲ್ಲಿಲ್ಲವೇ? ಆಷಾಢದಲ್ಲಿ ಒಂದು ತಿಂಗಳು, ಧನುರ್ಮಾಸದಲ್ಲಿ ಇನ್ನೊಂದು ತಿಂಗಳು ಲಗ್ನಗಳಿಲ್ಲದೆ ಕಲ್ಯಾಣಮಂಟಪಗಳಿಗೆ ಬೀಗ ಬೀಳುವದು. ಗೃಹಸ್ಥರು ನಾಲ್ವರು ಕೂಡಿ ಮಂಟಪದ ಆಡಳಿತದವರನ್ನು ಕಂಡು, ದೀಪದ ಖರ್ಚನ್ನೂ ಕಸಗುಡಿಸುವವರ ಕೂಲಿಯನ್ನೂ ತಾವೇ ಕೊಡುವೆವೆಂದು ಕೇಳಬೇಕು. ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ನೆಲ ಕೆಡುವದಿಲ್ಲ. ಬಲೆಯು ನಡುವೆ ಐದು ಅಡಿ ಎತ್ತರವಿರಲಿ. ಗರಿಯ ಷಟಲ್ ಬೇಗ ಮುರಿಯುವದರಿಂದ ಕಲಿಯುವ ಮಕ್ಕಳಿಗೆ ನೈಲಾನಿನದೇ ಸಾಕು. ಈ ಸಂಚಿಕೆ ಕೈಸೇರುವಾಗ ಆಷಾಢಕ್ಕೆ ಹೆಚ್ಚು ದಿನಗಳು ಉಳಿದಿರವು. ಸುರಪುರದ ಮಹಾಶಯರು ಈ ವಾರವೇ ಹೋಗಿ ಕೇಳುವದು ಒಳ್ಳೆಯದು.